ನಾನು ಕಂಡ ಪಿಪಿಗಳು

ಈಗ ನನ್ನ ಪಾಲಿಗೆ ಪಿಪಿ ಎಂದರೆ ಊಟವಾದ ಮೇಲೆ ಕೊಡುವ ರಕ್ತ. ಕೊಯಮತ್ತೂರಿನಲ್ಲಿ ನಮ್ಮ ಬೀದಿಯ ತುದಿಗೆ ಒಂದು ಪುಟ್ಟ ಲ್ಯಾಬ್ ಇದೆ. ಸಕ್ಕರೆ ಕಾಯಿಲೆಯವರೆಲ್ಲ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಮ್ಮೆ, ತಿಂಡಿ ತಿಂದು ಬಂದು ಇನ್ನೊಮ್ಮೆ ಅಲ್ಲಿ ಕೈ ಚಾಚುತ್ತೇವೆ. ಎರಡನೆಯ ಸರದಿಗೆ ಅಲ್ಲಿನ ಹುಡುಗಿ ಬಾಗಿಲಿಗೆ ಬಂದು, "ಪಿಪಿ ಯಾರೆಲ್ಲಾ ಇರ್ಕೀಂಗ?" ಎಂದು ಕೇಳುತ್ತಾಳೆ. ಬೆಂಚಿನ ಮೇಲಿನ ಪಿಪಿಗಳೆಲ್ಲ ಮೊಣಕಾಲು ಹಿಡಿದುಕೊಂಡು ಏಳುತ್ತೇವೆ. ಮೊದಲ ಸಲ ಅವಳು ಹಾಗೆ ಕೇಳಿದಾಗ ನನ್ನ ಕೈ ತಾನಾಗಿಯೇ ಚೀಲದೊಳಗೆ ಹೋಗಿ ಅಳತೆ ಟೇಪು ಹುಡುಕಿತ್ತು. ನಿವೃತ್ತಿಯಾದದ್ದು ಕೈಗೆ ಇನ್ನೂ ತಿಳಿದಿರಲಿಲ್ಲ.

ಹೋದ ತಿಂಗಳು ತಂಗಿಯ ಮಗಳು ಕಾವ್ಯ ಫೋನ್ ಮಾಡಿದಳು. ತಿರುಪ್ಪೂರಿನ ಒಂದು ರಫ್ತು ಕಂಪನಿಯಲ್ಲಿ ಗುಣಮಟ್ಟ ವಿಭಾಗಕ್ಕೆ ಆಗಷ್ಟೇ ಸೇರಿದ್ದಳು. "ದೊಡ್ಡಮ್ಮಾ, ಇಲ್ಲಿ ಎಲ್ಲಾರೂ ಪಿಪಿ ಪಿಪಿ ಅಂತಾರೆ. ಕೇಳಕ್ಕೆ ನಾಚ್ಕೆ ಆಗ್ತದೆ. ಏನದು?" ಎಂದು ಪಿಸುಗುಟ್ಟಿದಳು. ಆ ಎರಡಕ್ಷರದ ಪೂರ್ಣ ರೂಪ ಹೇಳಿದೆ. ಫೋನ್ ಇಟ್ಟ ಮೇಲೆ, ಪೂರ್ಣ ರೂಪ ಹೇಳಿ ನಾನು ಅವಳಿಗೆ ಏನನ್ನೂ ಹೇಳಲಿಲ್ಲ ಅನ್ನಿಸಿತು. ಈ ಬರಹ ಅವಳಿಗೆ, ಮತ್ತು ಅವಳ ಹಾಗೆ ಹಾಸನ, ಚಾಮರಾಜನಗರಗಳಿಂದ ಬಂದು ತಿರುಪ್ಪೂರಿನ ಹಾಸ್ಟೆಲುಗಳಲ್ಲಿದ್ದುಕೊಂಡು ಈ ಕೆಲಸಕ್ಕೆ ಸೇರುತ್ತಿರುವ ಮಕ್ಕಳಿಗೆ.

ನಮ್ಮದು ಕೊಯಮತ್ತೂರಿಗೆ ಹತ್ತಿರದ ಸಿರುಮುಗೈಯ ನೇಕಾರರ ಮನೆ. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ನಾನು ಕಲಿತದ್ದು ಎಂಎಸ್ಸಿ ಓದಲು ಮೈಸೂರಿಗೆ ಹೋದಾಗ, ಹಾಸ್ಟೆಲಿನ ಗೆಳತಿಯಿಂದ. ಕಲಿತ ಖುಷಿಗೆ ದಿನಚರಿ ಬರೆಯಲು ತೊಡಗಿದೆ, ಅದು ಇನ್ನೂ ನಿಂತಿಲ್ಲ. ಹಾಗೆಂದು ಇಲ್ಲಿರುವುದೆಲ್ಲ ನಡೆದದ್ದು ನಡೆದ ಹಾಗೇ ಇದೆ ಎಂದು ಭರವಸೆ ಕೊಡಲಾರೆ. ದಿನಚರಿಯೂ ನೆನಪೇ, ಅದೇ ಸಂಜೆಯ ನೆನಪು, ಅಷ್ಟೇ. ದಣಿದ ಸಂಜೆಯಲ್ಲಿ ಮನುಷ್ಯ ತನಗೆ ಬೇಕಾದ್ದನ್ನು ಬರೆದುಕೊಳ್ಳುತ್ತಾನೆ. ಅನುಮಾನವಿರುವ ಕಡೆ ಅನುಮಾನವಿದೆ ಎಂದೇ ಹೇಳುತ್ತೇನೆ.

ನನ್ನ ಮೊದಲ ಪಿಪಿ ಪ್ಲಾಸ್ಟಿಕ್ಕಿನದು, ಪಾಲಿಪ್ರೊಪಿಲೀನ್. ಕೊಯಮತ್ತೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ ಅದರ ಎಳೆಗಳನ್ನು ನೇಯ್ದು ಗೋಣಿಚೀಲ ಮಾಡುತ್ತಿದ್ದರು. ನೇಕಾರರ ಮಗಳು ಎಂಬ ಹೆಮ್ಮೆಯಲ್ಲಿ ಲ್ಯಾಬಿಗೆ ಸೇರಿದೆ. ಅಪ್ಪ ಒಂದು ಭಾನುವಾರ ಚೀಲದ ತುಂಡನ್ನು ಬೆರಳಲ್ಲಿ ಉಜ್ಜಿ ನೋಡಿ, "ನೆಯ್ಗೆ ಸರಿಯಾಗೇ ಐತೆ. ಆದ್ರೆ ಇದನ್ನ ಉಟ್ಕೊಳೋಕಾಗಲ್ಲ" ಎಂದರು. ಅಪ್ಪನ ಬಾಯಲ್ಲಿ ಅದೇ ದೊಡ್ಡ ಪ್ರಶಂಸೆ.

ಲ್ಯಾಬಿನ ಮುಖ್ಯಸ್ಥರು ವರದರಾಜನ್ ಸಾರ್. ಅವರ ಕೈಕೆಳಗೆ ನಾನು ಕಂಡ ದೊಡ್ಡ ಅನಾಹುತ ಆನೈಮಲೈಯ ಕೊಬ್ಬರಿ ವ್ಯಾಪಾರಿಯೊಬ್ಬರದು. ನಮ್ಮ ಚೀಲಗಳಲ್ಲಿ ಕೊಬ್ಬರಿ ತುಂಬಿ ಅಂಗಳದಲ್ಲಿ ಒಟ್ಟಿದ್ದರು. ಬೇಸಿಗೆ ಮುಗಿಯುವ ಹೊತ್ತಿಗೆ ಚೀಲದ ಕಿವಿ ಹಿಡಿದು ಎತ್ತಿದರೆ ಕಿವಿ ಮಾತ್ರ ಕೈಗೆ ಬರುತ್ತಿತ್ತು, ಉಳಿದದ್ದು ಪುಡಿಪುಡಿ. ನಮ್ಮ ಪರೀಕ್ಷೆಯಲ್ಲಿ ಆ ಚೀಲಗಳೆಲ್ಲ ಉತ್ತೀರ್ಣವಾಗಿದ್ದವು. ಹೋಗಿ ನೋಡಿದ ವರದರಾಜನ್ ಸಾರ್ ಅಂಗಳದಲ್ಲಿ ನಿಂತು ತಲೆ ಮೇಲೆತ್ತಿ ಸೂರ್ಯನನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ, ನಮ್ಮ ಲ್ಯಾಬಿನಲ್ಲಿ ಇದು ಇಲ್ಲ ಎಂದರು. ಬಿಸಿಲು ತಡೆಯುವ ರಾಸಾಯನಿಕ ಬೆರೆಸದೆ ಮಾಡಿದ ಚೀಲವನ್ನು ನಾವು ಏಸಿ ಕೋಣೆಯಲ್ಲಿ ಎಳೆದು ನೋಡಿ ಗಟ್ಟಿ ಎಂದಿದ್ದೆವು. ಮರುವಾರವೇ ಲ್ಯಾಬಿನ ಮಾಳಿಗೆಯ ಮೇಲೆ ಒಂದು ಹಗ್ಗ ಕಟ್ಟಿ ಚೀಲದ ತುಂಡುಗಳನ್ನು ಒಣಹಾಕಿದರು. ಅದು ನಮ್ಮ ಹೊಸ ಪರೀಕ್ಷಾ ವಿಧಾನ. ಈಗ ಅದಕ್ಕೆ ದೀಪವಿರುವ ದೊಡ್ಡ ಪೆಟ್ಟಿಗೆಗಳು ಬಂದಿವೆ. ಕೆಲಸ ಅದೇ.

ಎರಡನೆಯ ಪಿಪಿಯನ್ನು ಕಂಡದ್ದು ನ್ಯಾಯಾಲಯದಲ್ಲಿ. ಕಲಬೆರಕೆ ಗೊಬ್ಬರದ ಒಂದು ಮೊಕದ್ದಮೆಯಲ್ಲಿ ಚೀಲದ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ್ದಾರೋ ಇಲ್ಲವೋ ಹೇಳಲು ನನ್ನನ್ನು ಕರೆದಿದ್ದರು. ಗುಮಾಸ್ತರು ನನ್ನನ್ನು ಪಿಪಿ ತಜ್ಞೆ ಎಂದು ಕೂಗಿದರು. ಅಲ್ಲಿ ಪಿಪಿ ಎಂದರೆ ಪಬ್ಲಿಕ್ ಪ್ರಾಸಿಕ್ಯೂಟರ್, ಸರ್ಕಾರಿ ವಕೀಲರು. ದಪ್ಪಗಾಜಿನ ಕನ್ನಡಕದ ಆ ಹಿರಿಯರು ತಲೆ ಎತ್ತಿ, ನನ್ನ ವಿಷಯದಲ್ಲಿ ಪರಿಣತಿ ಪಡೆದವರು ನನ್ನ ಹೆಂಡತಿ ಒಬ್ಬಳೇ ಎಂದುಕೊಂಡಿದ್ದೆ ಎಂದರು. ನ್ಯಾಯಾಧೀಶರೂ ನಕ್ಕರು ಎಂದು ನಾನು ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಮೊನ್ನೆ ದಿನಚರಿ ತೆಗೆದು ನೋಡಿದರೆ, ನಕ್ಕದ್ದು ಗುಮಾಸ್ತರು ಮಾತ್ರ. ನ್ಯಾಯಾಧೀಶರನ್ನು ನಾನು ಯಾವಾಗ ಸೇರಿಸಿಕೊಂಡೆನೋ ತಿಳಿಯದು.

ಸಾಕ್ಷಿ ಹೇಳುವ ಮೊದಲು ಅವರು ನನ್ನನ್ನು ಜಗಲಿಗೆ ಕರೆದುಕೊಂಡು ಹೋಗಿ ಒಂದು ಮಾತು ಹೇಳಿಕೊಟ್ಟರು. ನೀನು ಕಂಡದ್ದು ಒಂದು, ಕಂಡದ್ದರಿಂದ ಊಹಿಸಿದ್ದು ಇನ್ನೊಂದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಡ, ನಡುವೆ ಉಸಿರು ತೆಗೆದುಕೋ. ನನ್ನ ವೃತ್ತಿಯ ಬಗ್ಗೆ ಯಾವ ತರಬೇತಿಯಲ್ಲೂ ಇಷ್ಟು ಉಪಯುಕ್ತವಾದದ್ದನ್ನು ಯಾರೂ ಹೇಳಿಲ್ಲ.

ಇನ್ನು ಕಾವ್ಯಳ ಪಿಪಿ. ಕೊಯಮತ್ತೂರು ಬಿಟ್ಟು ತಿರುಪ್ಪೂರಿನ ಬನಿಯನ್ ಲೋಕಕ್ಕೆ ಬಂದಾಗ ನನಗೂ ಅವಳ ಹಾಗೇ ಆಗಿತ್ತು. ಮೊದಲ ದಿನ ಯಾರೋ ಪಿಪಿ ರೆಡಿಯಾ ಎಂದು ಕೇಳಿದರು. ನಾನು ಪ್ಲಾಸ್ಟಿಕ್ ಚೀಲದ ಕಟ್ಟು ತಂದುಕೊಟ್ಟೆ. ಅವರು ಅದನ್ನೂ ಇಟ್ಟುಕೊಂಡರು, ಅದೂ ಬೇಕಾಗಿತ್ತಂತೆ.

ಬಟ್ಟೆ ರಫ್ತಿನಲ್ಲಿ ಪಿಪಿ ಎಂದರೆ ಪ್ರೀ-ಪ್ರೊಡಕ್ಷನ್, ಉತ್ಪಾದನೆ ಶುರುವಾಗುವ ಮುನ್ನ ಮಾಡುವ ಮಾದರಿ. ನಿಜವಾದ ಬಟ್ಟೆ, ನಿಜವಾದ ದಾರ, ನಿಜವಾದ ಗುಂಡಿ, ನಿಜವಾದ ಲೇಬಲ್ ಹಾಕಿ ಹೊಲಿದ ಒಂದು ಪೀಸು ಹೊರದೇಶದ ಖರೀದಿದಾರರಿಗೆ ಹೋಗುತ್ತದೆ. ಅವರು ಅಳೆದು, ತೊಳೆದು, ಎಳೆದು ನೋಡಿ ಸರಿ ಎಂದರೆ ಮಾತ್ರ ಕತ್ತರಿ ಬಟ್ಟೆಯ ಮೇಲೆ ಇಳಿಯುತ್ತದೆ. ಅಂಥದೇ ಇನ್ನೊಂದು ಪೀಸು ನಮ್ಮಲ್ಲಿ ಮುಚ್ಚಿದ ಚೀಲದಲ್ಲಿ ಉಳಿಯುತ್ತದೆ. ಮುಂದೆ ಜಗಳವಾದರೆ ಅದೇ ಸಾಕ್ಷಿ. ಒಂದು ಪೀಸು ಅಲ್ಲಿ ನೇತಾಡುತ್ತಿರುವಾಗ ಇಲ್ಲಿ ಒಂದು ಇಡೀ ಸಾಲಿನ ಹೊಲಿಗೆ ಯಂತ್ರಗಳು ಸುಮ್ಮನೆ ನಿಂತಿರುತ್ತವೆ. ಪಿಪಿ ಎಂದು ಜನ ದಿನಕ್ಕೆ ನೂರು ಸಲ ಹೇಳುವುದು ಅದಕ್ಕೆ.

ನನ್ನ ಕೊನೆಯ ಕೆಲಸ ನಾಗರಾಜ್ ಅವರ ಘಟಕದಲ್ಲಿ. ಅವರ ಹಿರಿಯರು ಆನೈಮಲೈ ಕಡೆಯ ಕನ್ನಡದ ಒಕ್ಕಲಿಗರು, ತೆಂಗಿನ ತೋಟದವರು. ನಾಗರಾಜ್ ತೋಟ ಬಿಟ್ಟು ತಿರುಪ್ಪೂರಿಗೆ ಬಂದು, ಬೇರೆಯವರಿಗೆ ಹೊಲಿದುಕೊಟ್ಟು ಹೊಲಿದುಕೊಟ್ಟು, ಕೊನೆಗೆ ತಮ್ಮದೇ ಹೆಸರಿನಲ್ಲಿ ರಫ್ತು ಮಾಡುವ ಆಸೆ ಇಟ್ಟುಕೊಂಡಿದ್ದರು. ಮನೆಯೂ ಘಟಕವೂ ಒಂದೇ ಕಾಂಪೌಂಡಿನಲ್ಲಿ. ಹಿಂದಿನ ಮನೆಯಲ್ಲಿ ಅವರ ತಾಯಿ ನಂಜಮ್ಮನವರು ಇದ್ದರು. ಅವರು ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಹೂವಿನ ತಟ್ಟೆ ಹಿಡಿದು ಘಟಕವನ್ನೆಲ್ಲ ಒಂದು ಸುತ್ತು ಹಾಕುತ್ತಿದ್ದರು. ಯಂತ್ರಗಳಿಗೆ ಹೂವು, ಹೊಲಿಯುವವರಿಗೆ ವಿಚಾರಣೆ: ತಿಂದೆಯಾ, ಮಗೂಗೆ ಜ್ವರ ಬಿಟ್ಟಿತಾ, ಯಾಕೆ ಮುಖ ಸಣ್ಣಗಾಗಿದೆ.

ಮೊದಲ ನೇರ ಆರ್ಡರು ಯುರೋಪಿನ ಒಂದು ಮಕ್ಕಳ ಬಟ್ಟೆ ಕಂಪನಿಯಿಂದ ಬಂತು. ಹಸುಗೂಸುಗಳಿಗೆ ಹಾಕುವ ಬಿಳಿ ಹತ್ತಿಯ ರಾಂಪರ್, ಕಾಲ ನಡುವೆ ಗುಂಡಿ ಇರುವಂಥದು. ಅದರ ಪಿಪಿ ಹೊಲಿಯಲು ಸೆಲ್ವಿಯನ್ನು ಕೂರಿಸಿದ್ದು ನಾನು. ಸೆಲ್ವಿ ವಾಲ್ಪಾರೈಯ ಟೀ ತೋಟದ ಕೂಲಿಯವರ ಮಗಳು, ಎಸ್ಟೇಟ್ ಲೈನಿನ ಮನೆಯಲ್ಲಿ ಬೆಳೆದವಳು. ಸಾಲಿನಲ್ಲಿ ಹೊಲಿಯುತ್ತಿದ್ದಳು. ಅದುವರೆಗೆ ಎಲ್ಲ ಕಡೆ ಪದ್ಧತಿ ಏನೆಂದರೆ, ಮಾದರಿ ಕೋಣೆಯಲ್ಲಿ ಕುಳಿತ ಹಳೆಯ ಗಂಡಸು ಟೈಲರ್ ಪಿಪಿಯನ್ನು ಚಿತ್ರದ ಹಾಗೆ ಹೊಲಿಯುವುದು, ಆಮೇಲೆ ಸಾಲಿನವರಿಗೆ ಹಾಗೆ ಹೊಲಿಯಲು ಬಾರದೆ ಪೇಚಾಡುವುದು. ಹೊಲಿಯುವವರ ಕೈಯಿಂದಲೇ ಪಿಪಿ ಬರಲಿ ಎಂದು ನಾನು ಹಟ ಹಿಡಿದೆ. ನಾಗರಾಜ್ ಅವರ ಭಾವಮೈದುನ, ಉತ್ಪಾದನೆ ನೋಡಿಕೊಳ್ಳುತ್ತಿದ್ದ ಸುಬ್ರಮಣಿಗೆ ಅದು ಹಿಡಿಸಲಿಲ್ಲ. ಹೆಣ್ಣುಮಗಳೊಬ್ಬಳು ಸಾಲಿನಿಂದೆದ್ದು ಮಾದರಿ ಕೋಣೆಗೆ ಹೋದರೆ ನಾಳೆ ಎಲ್ಲರೂ ಏಳುತ್ತಾರೆ ಎಂಬುದು ಅವರ ವಾದ. ಪಿಪಿ ಒಪ್ಪಿಗೆಯಾದರೆ ಸೆಲ್ವಿಗೆ ಆ ಕೋಣೆ ಕಾಯಂ ಎಂದು ಮಾತಾಯಿತು.

ಪೀಸುಗಳನ್ನು ನಾನೇ ನೋಡಿದೆ, ಅಳೆದೆ. ಚೊಕ್ಕವಾಗಿದ್ದವು. ಮರುದಿನ ಸೆಲ್ವಿ ಅವನ್ನು ಮಡಿಸಿ ಚೀಲಕ್ಕೆ ಹಾಕಿದಳು. ಒಂದು ಕೊರಿಯರಿನಲ್ಲಿ ಹೋಯಿತು, ಒಂದು ಬೀರುವಿಗೆ ಹೋಯಿತು.

ಉತ್ತರ ಫೋಟೋ ಸಮೇತ ಬಂತು. ಅವರ ಲ್ಯಾಬಿನಲ್ಲಿ ಒಮ್ಮೆ ತೊಳೆದ ರಾಂಪರ್. ಒಳಗಡೆ, ಪಕ್ಕದ ಹೊಲಿಗೆಯಲ್ಲಿ, ತೊಳೆಯುವ ಸೂಚನೆಯ ಪುಟ್ಟ ಲೇಬಲ್ ಸೇರಿಸಿದ ಜಾಗದಲ್ಲಿ, ಕೆಂಪು ಕಂದು ಬಣ್ಣದ ಕಲೆ. ಕೆಳಗೆ ಎರಡು ಸಾಲು: ಇದು ರಕ್ತ ಇರಬಹುದು, ಹೊಲಿಯುವಾಗ ಸೂಜಿ ಚುಚ್ಚಿರಬಹುದು, ಸೂಜಿಯ ಚೂರು ಬಟ್ಟೆಯಲ್ಲಿ ಉಳಿದಿಲ್ಲ ಎಂದು ಹೇಗೆ ನಂಬುವುದು? ಕಾರಣ ಬರೆದು ತಿಳಿಸುವವರೆಗೆ ಎಲ್ಲ ನಿಲ್ಲಿಸಿ.

ಹೊಸದಾಗಿ ಬರುವವರಿಗೆ ಇದರ ಭಾರ ತಿಳಿಯಬೇಕು. ಕೂಸಿನ ಬಟ್ಟೆಯಲ್ಲಿ ಸೂಜಿಯ ಚೂರು ಎಂದರೆ ನಮ್ಮ ಲೋಕದಲ್ಲಿ ಅದಕ್ಕಿಂತ ದೊಡ್ಡ ಅಪರಾಧವಿಲ್ಲ. ಸೂಜಿ ಮುರಿದರೆ ಯಂತ್ರ ನಿಲ್ಲಿಸಿ, ಎಲ್ಲ ಚೂರು ಹುಡುಕಿ, ಜೋಡಿಸಿ ತೋರಿಸಿದ ಮೇಲೆಯೇ ಹೊಸ ಸೂಜಿ. ಮುಚ್ಚಿಟ್ಟವರಿಗೆ ಅಂದೇ ಬಾಗಿಲು ತೋರಿಸುತ್ತಾರೆ.

ಎಲ್ಲರನ್ನೂ ಮಾದರಿ ಕೋಣೆಗೆ ಕರೆದು ಕೇಳಿದೆವು. ಪೀಸಿನ ಮೇಲೆ ಏನಾದರೂ ಬಿತ್ತಾ, ಯಾರಾದರೂ ಕೊಳೆ ಮಾಡಿದಿರಾ? ಯಾರೂ ಇಲ್ಲ. ಸುಬ್ರಮಣಿಯ ಕಣ್ಣು ಸೆಲ್ವಿಯ ಬೆರಳ ಮೇಲೆ ನಿಂತಿತು. ತೋರುಬೆರಳಿಗೆ ಬ್ಯಾಂಡೇಜು ಇತ್ತು. ಮನೆಯಲ್ಲಿ ತೆಂಗಿನಕಾಯಿ ತುರಿಯುವಾಗ ಆದ ಗಾಯ ಎಂದಳು. ಆ ಬ್ಯಾಂಡೇಜು ಪೀಸು ಹೊಲಿಯುವ ದಿನ ಇತ್ತೇ, ಆಮೇಲೆ ಬಂದದ್ದೇ? ನನಗೆ ನೆನಪಾಗಲಿಲ್ಲ. ಅಂದಿನ ದಿನಚರಿಯಲ್ಲಿ ನಾನು ಅಳತೆ ಬರೆದಿದ್ದೇನೆ, ಮಳೆ ಬಂದದ್ದನ್ನು ಬರೆದಿದ್ದೇನೆ, ಬೆರಳನ್ನು ಬರೆದಿಲ್ಲ. ಬೇರೆಯವರೂ ಅಷ್ಟೇ. ಇತ್ತು ಎಂದು ಒಬ್ಬರು, ಇರಲಿಲ್ಲ ಎಂದು ಒಬ್ಬರು, ಇಬ್ಬರೂ ಆಣೆ ಮಾಡುವಷ್ಟು ಖಚಿತವಾಗಿ.

ಸುಬ್ರಮಣಿ ಒಂದು ದಾರಿ ಸೂಚಿಸಿದರು. ಕೆಟ್ಟ ಮನುಷ್ಯರಲ್ಲ ಅವರು, ಹೆದರಿದ್ದರು. ಟೈಲರಿನ ಬೆರಳಿಗೆ ಸೂಜಿ ತಗುಲಿತು, ಸೂಜಿ ಮುರಿದಿಲ್ಲ, ಆಕೆಯನ್ನು ತೆಗೆದುಹಾಕಿದ್ದೇವೆ, ಇನ್ನು ಹೀಗಾಗದು ಎಂದು ಬರೆಯೋಣ. ಇಂಥ ಉತ್ತರವನ್ನು ಖರೀದಿದಾರರು ಒಪ್ಪುತ್ತಾರೆ. ಕಾರಣ, ಪರಿಹಾರ, ಹೆಸರು, ಎಲ್ಲ ಒಂದು ಹಾಳೆಯಲ್ಲಿ ಮುಗಿಯುತ್ತದೆ. ಸೆಲ್ವಿ ಮಾತ್ರ ಸಹಿ ಹಾಕಲು ಒಪ್ಪಲಿಲ್ಲ. ಅಳಲೂ ಇಲ್ಲ. "ಅಕ್ಕಾ, ಸೂಜಿ ಕುತ್ತಿದ್ದರೆ ನಾನೇ ಹೇಳಿರುವೆ. ಕುತ್ತಲಿಲ್ಲ," ಎಂದು ತನಗೆ ಬಂದಷ್ಟು ಕನ್ನಡದಲ್ಲಿ ನನಗೆ ಹೇಳಿ, ಮೇಜಿನ ಮೇಲಿನ ಕತ್ತರಿ, ಟೇಪು, ದಾರದ ಉಂಡೆಗಳನ್ನು ಸರಿಯಾಗಿ ಜೋಡಿಸಿಟ್ಟು, ಮನೆಗೆ ಹೋದಳು. ನಾಳೆ ಬರಬೇಕೋ ಬೇಡವೋ ಎಂದು ಕೇಳಲೂ ಇಲ್ಲ.

ನಾಗರಾಜ್ ನನ್ನತ್ತ ನೋಡಿದರು. ನಾನು ಒಂದು ದಿನದ ಅವಕಾಶ ಕೇಳಿಕೊಂಡೆ.

ಮರುದಿನ ಬೆಳಿಗ್ಗೆ ಬೀರುವಿನಲ್ಲಿದ್ದ ಜೋಡಿ ಪೀಸನ್ನು ನಾಗರಾಜ್ ಮತ್ತು ಸುಬ್ರಮಣಿಯವರ ಎದುರಿಗೇ ತೆಗೆದೆ. ಹೊರಗೆಲ್ಲ ಬಿಳಿ. ಯುರೋಪಿನವರು ಕಂಡದ್ದು ತೊಳೆದ ಮೇಲೆ ತಾನೇ, ಹಾಗಾಗಿ ನಾವೂ ತೊಳೆದೇ ನೋಡೋಣ ಎಂದು ಅವರು ಹೇಳುವ ಸಾಬೂನಿನ ಪುಡಿಯನ್ನೇ ಕರಗಿಸಿ ಅದ್ದಿದೆ. ಸ್ವಲ್ಪ ಹೊತ್ತಿಗೆ ಲೇಬಲ್ಲಿನ ಸುತ್ತ ಕೆಂಪು ಹರಡಿತು. "ನೋಡಿ ಮೇಡಮ್, ಎರಡರಲ್ಲೂ ಅವಳದೇ ರಕ್ತ," ಎಂದರು ಸುಬ್ರಮಣಿ ಮೆಲ್ಲಗೆ.

ಕಂಡದ್ದು ಒಂದು, ಊಹಿಸಿದ್ದು ಇನ್ನೊಂದು. ನಾನು ಉಸಿರು ತೆಗೆದುಕೊಂಡೆ. ಕಂಡದ್ದು ಏನು? ಸಾಬೂನು ತಾಗಿದಾಗ ಕೆಂಪಾಗಿದೆ. ತಾಗುವ ಮೊದಲು ಏನಿತ್ತು ಎಂದು ಯಾರೂ ನೋಡಿಲ್ಲ. ಒಣಗಿದ ರಕ್ತವಾದರೆ ಮೊದಲೇ ಕಂದು ಇರಬೇಕು. ಲೇಬಲ್ಲಿನ ಮಡಿಕೆಯನ್ನು ಉಗುರಿನಿಂದ ಬಿಡಿಸಿದೆ. ಒಳಗಿನ ಮೂಲೆಯಲ್ಲಿ ನೀರು ಇನ್ನೂ ಸರಿಯಾಗಿ ಇಳಿಯದ ಒಂದು ಕಡೆ ಹಳದಿ ಇತ್ತು. ಬೆರಳ ತುದಿಯಷ್ಟು.

ಆಮೇಲಿನದನ್ನು ಹೇಳಲು ಎಂಎಸ್ಸಿ ಬೇಕಾಗಿರಲಿಲ್ಲ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕುಂಕುಮದ ಕೆಂಪು ಬರುವುದನ್ನು ನಮ್ಮ ಮನೆಗಳಲ್ಲಿ ಯಾವ ಮಗು ನೋಡಿಲ್ಲ? ಸಾಬೂನೂ ಸುಣ್ಣದ ಜಾತಿಯದೇ. ಅಡುಗೆಮನೆಯಿಂದ ನಿಂಬೆಹಣ್ಣು ತರಿಸಿ ಹಿಂಡಿದೆ. ಕೆಂಪು ಹೋಗಿ ಹಳದಿ ಬಂತು. ಇನ್ನೊಂದು ಹನಿ ಸಾಬೂನು ಹಾಕಿದೆ, ಮತ್ತೆ ಕೆಂಪು. ಸುಬ್ರಮಣಿ ತಾವೇ ಒಮ್ಮೆ ಮಾಡಿ ನೋಡಿದರು. ಮೂರನೆಯ ಸಲ ಮಾಡುವಾಗ ಅವರ ಮುಖದಲ್ಲಿ ಸ್ಕೂಲು ಮಗುವಿನ ಖುಷಿ ಇತ್ತು, ಆಮೇಲೆ ನೆನಪಾಗಿ ತಲೆ ತಗ್ಗಿಸಿದರು.

ಹೊಸ ಬಟ್ಟೆ ಎಂದರೆ ಮೂಲೆಗೆ ಅರಿಶಿನ. ಅದನ್ನು ಹಚ್ಚದೆ ನಾಗರಾಜ್ ಅವರ ಮನೆಯಲ್ಲಿ ಯಾರೂ ಏನನ್ನೂ ಉಟ್ಟವರಲ್ಲ. ಅವರೂ ನಾನೂ ಹಿಂದಿನ ಮನೆಗೆ ನಡೆದೆವು.

ನಂಜಮ್ಮನವರು ಅಂಗಳದಲ್ಲಿ ಕೂತು ಹೂ ಕಟ್ಟುತ್ತಿದ್ದರು. ಕೂಸಿನ ಬಟ್ಟೆಗೆ ಅರಿಶಿನ ಇಟ್ಟಿರಾ ಎಂದು ನಾನು ಕೇಳಿದೆ.

"ಇಕ್ದೆ ಮತ್ತೆ? ಮೊದ್ಲ ಬಟ್ಟೆ ಅದು. ಬೋಳುಬಟ್ಟೆನ ಕೂಸ್ಗೆ ಹಾಕ್ತಾರಾ ಯಾರಾದ್ರೂ?" ಎಂದರು. "ಅದ್ಕೆ ಮೂಲೇನೇ ಇಲ್ಲ ಕಣವ್ವಾ. ಎಲ್ಲಾ ಕಡೆ ಗುಂಡ್ಗುಂಡ್ಗೆ. ಹುಡುಕೀ ಹುಡುಕೀ, ಒಳ್ಗಡೆ ಒಂದು ಚೀಟಿ ಇತ್ತಲ್ಲ, ಅದ್ರ ಮೂಲೆಗೆ ಇಕ್ದೆ."

ನಿನ್ನೆ ನಾವು ಅಷ್ಟು ಕೇಳುತ್ತಿದ್ದಾಗ ನೀವೂ ಬಾಗಿಲಲ್ಲಿ ನಿಂತಿದ್ದಿರಿ, ಯಾಕೆ ಹೇಳಲಿಲ್ಲ ಎಂದು ನಾಗರಾಜ್ ಕೇಳಿದರು. ಆಕೆ ಹೂವಿನಿಂದ ಕಣ್ಣೆತ್ತಿದರು.

"ಕೊಳೆ ಮಾಡಿದ್ದು ಯಾರು ಅಂತ ತಾನೇ ನೀವು ಕೇಳಿದ್ದು? ಅರಿಶ್ಣ ಕೊಳೆಯೇನೋ?"

ನಾನು ಈ ಮಾತನ್ನು ಬಹಳ ದಿನ ಯೋಚಿಸಿದ್ದೇನೆ. ಆ ಕೋಣೆಯಲ್ಲಿದ್ದ ಎಷ್ಟೋ ಹೆಂಗಸರು ಆಕೆ ಬೆಳಿಗ್ಗೆ ತಟ್ಟೆ ಹಿಡಿದು ಬಂದು ಮೇಜಿನ ಬಳಿ ನಿಂತದ್ದನ್ನು ಕಂಡವರೇ. ಯಾರೂ ಸುಳ್ಳು ಹೇಳಿರಲಿಲ್ಲ. ಕಂಡದ್ದು ಹೇಳುವಂಥ ಸಂಗತಿ ಎಂದೇ ಅವರಿಗೆ ಅನ್ನಿಸಿರಲಿಲ್ಲ. ನನಗೂ ಅನ್ನಿಸಿರಲಿಲ್ಲ ತಾನೇ. ನಾನೂ ಅದೇ ಅರಿಶಿನದ ಮೂಲೆ ಹಿಡಿದು ಸೀರೆ ಉಟ್ಟು ಕೆಲಸಕ್ಕೆ ಬರುತ್ತಿದ್ದವಳು.

ಕಾರಣ ಸಿಕ್ಕಿತು, ಆದರೆ ಕಷ್ಟ ಮುಗಿಯಲಿಲ್ಲ. ಏನೆಂದು ಬರೆಯುವುದು? ತಾಯಿಯ ಪೂಜೆಯಿಂದ ಹೀಗಾಯಿತು ಎಂದರೆ ಹೊರದೇಶದವರು ಇದೇನು ಕಾರ್ಖಾನೆಯೋ ಗುಡಿಯೋ ಎಂದಾರು ಎಂದು ನಾಗರಾಜ್ ಅಂಜಿದರು. ಅಡುಗೆ ಪದಾರ್ಥದ ಕಲೆ ಎಂದರೆ ಮಾದರಿ ಕೋಣೆಯಲ್ಲಿ ಊಟ ಮಾಡುತ್ತಾರೆ ಎಂದಾಗುತ್ತದೆ. ಸೂಜಿ ಎಂದರೆ ಎಲ್ಲಕ್ಕಿಂತ ಸುಲಭ, ಆ ಹಾಳೆ ಆಗಲೇ ಟೈಪಾಗಿ ಮೇಜಿನ ಮೇಲಿತ್ತು. ಸೆಲ್ವಿಗೆ ಬೇರೆ ಕಡೆ ಕೆಲಸ ಕೊಡಿಸೋಣ, ಒಳ್ಳೆಯ ಕಡೆಯೇ ಕೊಡಿಸೋಣ ಎಂದೂ ಒಂದು ಮಾತು ಬಂತು. ನಾನು, ಕಂಡದ್ದನ್ನೇ ಬರೆಯುತ್ತೇನೆ, ಇಲ್ಲವಾದರೆ ಬೇರೆಯವರಿಂದ ಬರೆಸಿಕೊಳ್ಳಿ ಎಂದೆ. ಧೈರ್ಯವಾಗಿ ಹೇಳಿದೆನೆಂದು ಅಂದುಕೊಳ್ಳಬೇಡಿ. ಧ್ವನಿ ನಡುಗಿತ್ತೆಂದು ಸುಬ್ರಮಣಿ ಆಮೇಲೆ ಎಷ್ಟೋ ಸಲ ನನ್ನನ್ನು ರೇಗಿಸಿದ್ದಾರೆ.

ತೀರ್ಮಾನ ಆದದ್ದು ನಂಜಮ್ಮನವರಿಂದ. ಮಗನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಸೆಲ್ವಿಯ ಕೆಲಸ ಹೋಗುವ ಮಾತು ಅದುವರೆಗೆ ಅವರ ಕಿವಿಗೆ ಬಿದ್ದಿರಲಿಲ್ಲವಂತೆ.

"ನಾನ್ ಇಕ್ಕಿದ್ದಕ್ಕೆ ಆ ಹುಡ್ಗಿ ಯಾಕೋ ಮನೆಗೋಗ್ಬೇಕು?" ಎಂದರು ಮಗನಿಗೆ. "ನನ್ ಹೆಸ್ರೇ ಬರಿ. ಮುದುಕಿ, ಗೊತ್ತಾಗ್ಲಿಲ್ಲ, ಇನ್ಮೇಲೆ ಇಕ್ಕಲ್ಲ ಅಂತ ಬರಿ."

ಹಾಗೇ ಬರೆದೆ. ಹೊಸ ಬಟ್ಟೆಗೆ ಅರಿಶಿನ ಹಚ್ಚುವುದು ಇಲ್ಲಿನ ಮನೆಗಳ ರೂಢಿ, ಉಡುವವರಿಗೆ ಒಳ್ಳೆಯದಾಗಲಿ ಎಂದು. ಮಾಲೀಕರ ತಾಯಿ ಮೊದಲ ಪೀಸುಗಳಿಗೆ ಹಚ್ಚಿದ್ದಾರೆ. ಸಾಬೂನು ತಾಗಿ ಕೆಂಪಾಗಿದೆ. ನಿಮ್ಮಲ್ಲಿರುವ ಪೀಸಿಗೆ ನಿಂಬೆರಸ ಹಾಕಿ ನೋಡಿ. ಟೈಲರಿನ ತಪ್ಪು ಏನೂ ಇಲ್ಲ. ಜೊತೆಗೆ ನಮ್ಮ ಫೋಟೋಗಳು. ನಾಗರಾಜ್ ಸಹಿ ಮಾಡಲು ಹಿಂಜರಿದು ನನ್ನ ಕೈಗೆ ಪೆನ್ನು ಕೊಟ್ಟರು. ಕಂಪನಿಯ ಪರವಾಗಿ ಬೇರೊಬ್ಬರು ಸಹಿ ಹಾಕುವಾಗ ಹೆಸರಿನ ಮುಂದೆ ಸಣ್ಣಕ್ಷರದಲ್ಲಿ ಪಿ.ಪಿ. ಎಂದು ಬರೆಯುವ ಹಳೆಯ ಪದ್ಧತಿ ಇದೆ. ನಾನು ಹಾಗೇ ಬರೆದು ಸಹಿ ಹಾಕಿದೆ. ಅದು ನನ್ನ ನಾಲ್ಕನೆಯ ಪಿಪಿ. ಆ ಹೊತ್ತಿನಲ್ಲಿ ಎಣಿಸುವ ಮನಸ್ಸು ಇರಲಿಲ್ಲ, ಈಗ ಎಣಿಸುತ್ತಿದ್ದೇನೆ.

ಉತ್ತರಕ್ಕೆ ಕಾಯುವ ದಿನಗಳಲ್ಲಿ ಸೆಲ್ವಿಯ ಮನೆಗೆ ಹೋದೆ. ವಾಲ್ಪಾರೈಗೆ ಹೋಗುವ ಬಸ್ಸಿಗೆ ಹೊರಡಲು ಗಂಟು ಕಟ್ಟಿಟ್ಟಿದ್ದಳು. ಅರಿಶಿನದ ಕತೆ ಹೇಳಿದೆ. ನಗಲಿಲ್ಲ, ಸಮಾಧಾನವೂ ಪಡಲಿಲ್ಲ. ಆರ್ಡರು ಕೈತಪ್ಪಿದರೆ ಆಗ ಬೈಗುಳ ಯಾರಿಗೆ ಎಂದು ಕೇಳಿದಳು. ನನಗೆ, ಎಂದೆ. ಸೆಲ್ವಿ ಗಂಟಿನಿಂದ ತನ್ನ ಊಟದ ಡಬ್ಬಿ ಮಾತ್ರ ಹೊರಗೆ ತೆಗೆದಿಟ್ಟಳು. ಮರುದಿನ ಕೆಲಸಕ್ಕೆ ಬಂದಳು. ಉಳಿದ ಗಂಟನ್ನು ಬಿಚ್ಚಲು ಇನ್ನೂ ಸ್ವಲ್ಪ ದಿನ ತೆಗೆದುಕೊಂಡಳು ಎಂದು ನನ್ನ ಅಂದಾಜು.

ಖರೀದಿದಾರರ ಉತ್ತರ ಚಿಕ್ಕದಾಗಿತ್ತು. ನಿಂಬೆರಸ ಹಾಕಿ ನೋಡಿದ್ದೇವೆ, ಹಳದಿಯಾಯಿತು. ಹೊಸ ಪಿಪಿ ಕಳಿಸಿ, ಅದರ ಮೇಲೆ ಯಾವುದೇ ಪದಾರ್ಥ ಇರಬಾರದು. ಇಷ್ಟು ಅಧಿಕೃತ. ಕೊನೆಯಲ್ಲಿ ಅವರ ಲ್ಯಾಬಿನ ಹೆಂಗಸು ತನ್ನದೊಂದು ಸಾಲು ಸೇರಿಸಿದ್ದಳು: ಉಡುವ ಮಗುವಿಗೆ ಒಳ್ಳೆಯದು ಬಯಸಿದ ಕಲೆಯನ್ನು ತಾನು ಇದೇ ಮೊದಲು ಪರೀಕ್ಷಿಸಿದ್ದು ಎಂದು. ನಾಗರಾಜ್ ಆ ಸಾಲನ್ನು ತಾಯಿಗೆ ಎರಡು ಸಲ ಹೇಳಿದರು.

ಹೊಸ ಪಿಪಿಯನ್ನೂ ಸೆಲ್ವಿಯೇ ಹೊಲಿದಳು. ಒಪ್ಪಿಗೆಯಾಯಿತು, ಯಂತ್ರಗಳು ಓಡಿದವು, ಮಾದರಿ ಕೋಣೆ ಅವಳದಾಯಿತು. ವಿಧಾನದಲ್ಲಿ ಎರಡು ಬದಲಾವಣೆ ಮಾಡಿದೆವು. ಪ್ರತಿ ಆರ್ಡರಿಗೂ ಎಲ್ಲಿಗೂ ಹೋಗದ ಒಂದು ಪೀಸು ಹೆಚ್ಚಿಗೆ, ಅದು ನಂಜಮ್ಮನವರದು, ಅರಿಶಿನ ಹಚ್ಚಿ ಆ ಸಾಲಿನಲ್ಲಿ ಯಾರ ಮನೆಯಲ್ಲಿ ಕೂಸಿದೆಯೋ ಅವರಿಗೆ ಕೊಡುತ್ತಿದ್ದರು. ಇನ್ನೊಂದು, ಏನಾದರೂ ತಪ್ಪಾದಾಗ ನಾವು ಕೇಳುವ ಪ್ರಶ್ನೆ. ಯಾರು ಕೊಳೆ ಮಾಡಿದರು ಎಂದು ಕೇಳುವುದನ್ನು ನಿಲ್ಲಿಸಿದೆವು. ಈ ಪೀಸು ಬೆಳಿಗ್ಗೆಯಿಂದ ಯಾರ ಯಾರ ಕೈ ದಾಟಿತು, ಅವರವರು ಅದಕ್ಕೆ ಏನೇನು ಮಾಡಿದರು, ಅಷ್ಟೇ ಕೇಳುವುದು. ಕಾವ್ಯ, ಇದನ್ನೊಂದು ಇಟ್ಟುಕೋ. ತಪ್ಪು ಹುಡುಕುವ ಪ್ರಶ್ನೆಗೆ ಜನ ತಪ್ಪನ್ನು ಮಾತ್ರ ಹೇಳುತ್ತಾರೆ, ಅದೂ ಬೇರೆಯವರದನ್ನು.

ನಿವೃತ್ತಿಯ ನಂತರ ಘಟಕಕ್ಕೆ ಹೋಗುವುದು ಕಡಿಮೆ. ಹೋದ ತಿಂಗಳು, ಕಾವ್ಯಳ ಫೋನು ಬಂದ ಮೇಲೆ, ಸುಮ್ಮನೆ ಹೋಗಿದ್ದೆ. ಸೆಲ್ವಿ ಈಗ ಹೊಸಬರಿಗೆ ಕಲಿಸುತ್ತಾಳೆ. ಅವಳ ಪಕ್ಕ ಕೂತು ಟೀ ಕುಡಿಯುತ್ತಿದ್ದಾಗ ಸಾಲಿನ ಕಡೆಯಿಂದ ಒಂದು ಯಂತ್ರ ನಿಂತ ಸದ್ದಾಯಿತು. ಸದ್ದು ನಿಂತ ಸದ್ದು. ಈ ಕೆಲಸದಲ್ಲಿ ಇದ್ದವರಿಗೆ ಅದು ಕೇಳಿಸುತ್ತದೆ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಎದ್ದು, ಎರಡೂ ಕಡೆ ಹೊಲಿಯುತ್ತಿದ್ದವರ ನಡುವಿನಿಂದ ನೇರವಾಗಿ ನಮ್ಮತ್ತ ನಡೆದು ಬಂದಳು. ಒಂದು ಕೈಯ ಬೆರಳನ್ನು ಮೇಲಕ್ಕೆತ್ತಿದ್ದಳು, ತುದಿಯಲ್ಲಿ ರಕ್ತ. ಇನ್ನೊಂದು ಅಂಗೈಯಲ್ಲಿ ಸೂಜಿಯ ಚೂರುಗಳು. ಸುಬ್ರಮಣಿ ಅವಳನ್ನು ಕಂಡು ದಾರಿ ಬಿಟ್ಟು ನಿಂತರು.

"ಸೆಲ್ವಿಯಕ್ಕಾ, ಊಸಿ ಒಡಂಜಿರ್ಚಿ," ಎಂದಳು. ಸೂಜಿ ಮುರಿದುಹೋಯಿತು ಎಂದು. ಮಳೆ ಬಂತು ಎನ್ನುವ ಹಾಗೆ.

ಸೆಲ್ವಿ ಟೀ ಲೋಟ ಕೆಳಗಿಟ್ಟು, ಮೊದಲು ಆ ಬೆರಳನ್ನು ನೋಡಿ ಹತ್ತಿ ಸುತ್ತಿದಳು. ಆಮೇಲೆ ಅಂಗೈಯಲ್ಲಿದ್ದ ಚೂರುಗಳನ್ನು ಬಿಳಿ ಕಾಗದದ ಮೇಲೆ ಒಂದೊಂದಾಗಿ ಜೋಡಿಸತೊಡಗಿದಳು. ಸೂಜಿಯ ತುದಿಯೂ ಇತ್ತು.